ಕತ್ತರಿ ಕಾಣದ ಉಣ್ಣೆ

"ಮುಟ್ಟಬ್ಯಾಡ್ರಿ ಸಾಹೇಬ್ರ! ಕೈಯಾನ ಎಣ್ಣಿ ಹತ್ತಿದ್ರ ಉಣ್ಣಿ ಗಂಟು ಗಂಟಾಗ್ತದ. ಫಾರಿನ್ ಮಾಲ್ ಅದು!"

ಸಪ್ನಾ ಹೀಗೆನ್ನುವಷ್ಟರಲ್ಲಿ ಸಬ್ ಇನ್ಸ್‌ಪೆಕ್ಟರ್ ಧಮ್ಮಪಾಲನ ಬೆರಳುಗಳು ಆ ಕರಿ ಉಣ್ಣೆಯೊಳಗೆ ಗಿಣ್ಣಿನ ತನಕ ಇಳಿದಿದ್ದವು.

ಅಫಜಲಪುರದ ಹೊಸ ಬಡಾವಣೆಯ ಹೊಸ ಮನೆ. ಬಸವ ಜಯಂತಿಯ ದಿನವಷ್ಟೇ ಗೃಹಪ್ರವೇಶವಾಗಿತ್ತು. ಗೋಡೆಗೆ ಹಚ್ಚಿದ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಹೊರಗೆ ನಲವತ್ತಮೂರು ಡಿಗ್ರಿ ಬಿಸಿಲು. ಒಳಗೆ ಎ.ಸಿ. ಹಾಕಿಕೊಂಡು, ಹಿಮ ಬೀಳುವ ನಾಡಿನವರ ಹಾಗೆ ಸೋಫಾದ ಮೇಲೆ ಕುರಿಯ ತೊಗಲು ಹಾಸಿದ್ದರು. ಮನುಷ್ಯನ ಶೋಕಿಗೆ ಹವಾಮಾನದ ಹಂಗಿಲ್ಲ.

"ಎಲ್ಲಾರ ಮನ್ಯಾಗ ಬಿಳೇದೇ ಇರ್ತದ್ರಿ. ನಾ ಫೋನಿನ್ಯಾಗ ನೋಡೀನಿ," ಎಂದಳು ಸಪ್ನಾ, ಎದುರಿಗಿರುವವರು ಪೊಲೀಸರೆಂಬುದನ್ನೂ ಮರೆತು. "ಕೆನಿ ಬಣ್ಣದ ಸೋಫಾಕ್ಕ ಕರೇದು ಹಾಕಿದ್ರ ಎದ್ದು ಕಾಣ್ತದ. ಅರ್ಧ ಮ್ಯಾಲ, ಅರ್ಧ ಕೆಳಗ ಇಳೀಬಿಡಬೇಕು. ಯಾರೋ ಆಗಷ್ಟೇ ಎದ್ದು ಹೋದಂಗ ಕಾಣಬೇಕು. ನೀರು ತಾಕಸಬಾರದು. ವಾರಕ್ಕೊಮ್ಮಿ ಹಣಿಗಿಲೆ ಬಾಚಬೇಕು."

ಈ ಬಾಚುವ ಕೆಲಸವೇ ಇವತ್ತು ಎಲ್ಲವನ್ನೂ ಬುಡಮೇಲು ಮಾಡಿತ್ತು. ಎಂಟು ದಿನದ ಹಿಂದೆ ಮನೆಗೆಲಸಕ್ಕೆ ಸೇರಿ, ಅಲ್ಲಿಯತನಕ ಹಿತ್ತಲ ಕೆಲಸವನ್ನಷ್ಟೇ ಮಾಡುತ್ತಿದ್ದ ಮಾಳಮ್ಮನ ಕೈಗೆ ಸಪ್ನಾ ಬೆಳಗ್ಗೆ ಹಣಿಗೆ ಕೊಟ್ಟಿದ್ದಳು. ಅರ್ಧ ಗಂಟೆಯಲ್ಲಿ ಮಾಳಮ್ಮ ಬರಿಗಾಲಲ್ಲಿ ಠಾಣೆಗೆ ಓಡಿಬಂದು, ಬಾಗಿಲಲ್ಲೇ ನಿಂತು ಒಂದೇ ಮಾತು ಹೇಳಿದ್ದಳು. "ನಮ್ಮ ಟಗರು ಅವರ ಸೋಫಾದ ಮ್ಯಾಲ ಅದರಿ."

ಅವಳ ಅಪ್ಪ, ಕುರಿಗಾಹಿ ಭೀಮಶಾ, ಯುಗಾದಿಯ ಹಿಂದಿನ ದಿನ ಸೊನ್ನದ ಬ್ಯಾರೇಜಿನ ಹಿನ್ನೀರಿನ ದಂಡೆಯಲ್ಲಿ ಮಾಯವಾಗಿ ಇಂದಿಗೆ ನಲವತ್ತು ದಿನ. ಸಿಕ್ಕಿದ್ದು ಒಂದು ಜೊತೆ ಚಪ್ಪಲಿ ಮತ್ತು ರಕ್ತ ಹತ್ತಿದ ಅವನ ಕಂಬಳಿ. ಮೊಸಳೆ ಎಳೆದೊಯ್ದಿದೆ ಎಂದು ಬರೆದು ಕಡತ ಮುಚ್ಚಬೇಕೆಂದು ಮೇಲಿನವರ ಒತ್ತಾಯ. ನಾಳೆ ಸಂಜೆ ಅದಕ್ಕೆ ಧಮ್ಮಪಾಲನೇ ಸಹಿ ಹಾಕಬೇಕಿತ್ತು. "ಫೈಲ್ ಮುಚ್ಚಬ್ಯಾಡ್ರಿ ಸಾಹೇಬ್ರ" ಎಂದು ಹೇಳುವುದಕ್ಕಾಗಿಯೇ ಈ ಹುಡುಗಿ ಒಂದು ದಿನವೂ ತಪ್ಪದೆ ಠಾಣೆಗೆ ಬಂದಿದ್ದಳು.

ಈಗ ಅವಳು ಹೊಸ್ತಿಲ ಆಚೆಯೇ ನಿಂತಿದ್ದಳು. ಒಳಗೆ ಬಾ ಎಂದರೂ ಬಂದಿರಲಿಲ್ಲ.

"ಎಡಭುಜ ನೋಡ್ರಿ ಸಾಹೇಬ್ರ," ಎಂದಳು ಅಲ್ಲಿಂದಲೇ.

ಧಮ್ಮಪಾಲ ಉಣ್ಣೆ ಬಿಡಿಸಿ ನೋಡಿದ. ಕಪ್ಪಿನ ನಡುವೆ ರೂಪಾಯಿಯಗಲದ ಒಂದು ಬಿಳಿ ಮಚ್ಚೆ.

"ತ್ವಾಳ ಕಚ್ಚಿದ್ದರಿ. ಅಪ್ಪ ಅರಿಷಿಣ ತುಂಬಿ ಕಟ್ಟಿದ್ದ. ಗಾಯ ಮಾಯ್ದ ಮ್ಯಾಲ ಅಲ್ಲಿ ಬೆಳ್ಳಗ ಹುಟ್ಟಿತು."

"ಅದು ಡಿಜೈನ್ ಅಂತ ತಿಳ್ಕೊಂಡಿದ್ನೆಲ್ಲ ನಾನು," ಎಂದ ಸಪ್ನಾಳ ದನಿ ಇಳಿದಿತ್ತು. "ಅದನ್ನ ನೋಡೇ ನನಗ ಮನಸಿಗಿ ಬಂದಿದ್ದು."

ಬಿಳಿ ಮಚ್ಚೆ ಸಾಲದು ಎಂದು ಧಮ್ಮಪಾಲನಿಗೆ ಗೊತ್ತಿತ್ತು. ಜೇವರ್ಗಿಯಿಂದ ಆಳಂದದ ತನಕ ಹುಡುಕಿದರೆ ಮೈಮೇಲೆ ಮಚ್ಚೆಯಿರುವ ನೂರು ಕುರಿ ಸಿಕ್ಕಾವು. ನಾಳೆ ಮೇಲಧಿಕಾರಿಯ ಮುಂದೆ ಇಡುವಂಥ ಗಟ್ಟಿ ಸಾಕ್ಷಿ ಬೇಕಿತ್ತು. ಅವನು ಒಂದು ಎಳೆ ಉಣ್ಣೆ ಕಿತ್ತು, ಕಿಟಕಿಯ ಬೆಳಕಿಗೆ ಹಿಡಿದ.

ಮೊಣಕಾಲ ಮೇಲೆ ಕೂರಿಸಿಕೊಂಡು ಅಜ್ಜ ಹೇಳಿಕೊಟ್ಟದ್ದು ನೆನಪಾಯಿತು. ಕುರಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಬೀಳುತ್ತದೆ. ಕತ್ತರಿ ಬಿದ್ದ ಉಣ್ಣೆಯ ತುದಿ ಮೊಂಡು. ಹುಟ್ಟಿದಾಗಿನಿಂದ ಕತ್ತರಿ ಕಾಣದ ಉಣ್ಣೆಯ ತುದಿ ಮಾತ್ರ ಚೂಪಾಗಿ, ಮರಿಯಿದ್ದಾಗಿನ ಸುರುಳಿ ಹಾಗೇ ಉಳಿದಿರುತ್ತದೆ.

ಅವನ ಕೈಯಲ್ಲಿದ್ದ ಎಳೆ ಗೇಣುದ್ದ ಇತ್ತು. ತುದಿ ಬಿಸಿಲಿಗೆ ಸುಟ್ಟು ಕೆಂಚಾಗಿತ್ತು. ಅಲ್ಲಿ ಸಣ್ಣ ಸುರುಳಿ ಇತ್ತು.

ತೊಗಲಿನ ಅಗಲ ನೋಡಿದರೆ ಬಲಿತ ಟಗರು. ಬಲಿತ ಟಗರಿಗೆ ಒಮ್ಮೆಯೂ ಕತ್ತರಿ ಹಾಕದ ಕುರಿಗಾಹಿ ಯಾರು?

"ಮಾಳಮ್ಮ, ಈ ಟಗರಿನ ಉಣ್ಣಿ ಯಾಕ ಕತ್ತರಿಸಿಲ್ಲ?"

 ಹುಡುಗಿ ತೊಗಲನ್ನು ನೋಡದೆ, ನೆಲ ನೋಡುತ್ತ ಹೇಳಿದಳು. "ಮೂರು ವರ್ಷದ ಹಿಂದ ನನಗ ಕಾಮಣಿ ಆಗಿ ಕಣ್ಣು ಹಳದಿ ಆಗಿದ್ದವರಿ. ಉಳಿಯಂಗಿಲ್ಲ ಅಂದಿದ್ರು. ಅವತ್ತ ಹುಟ್ಟಿದ ಮರಿ ಇದು. ಮಗಳು ಉಳದ್ರ ಆಕಿ ಮದಿವಿ ತನಕ ಈ ಮರಿಗಿ ಕತ್ತರಿ ತಾಕಸಂಗಿಲ್ಲ ಅಂತ ಅಪ್ಪ ಬೀರದೇವರಿಗಿ ಬೇಡ್ಕೊಂಡ. ಮದಿವಿ ಗೊತ್ತಾದ ಮ್ಯಾಲ ಕತ್ತರಿಸಿ, ಆ ಉಣ್ಣಿ ಕಂಬಳಿ ಮ್ಯಾಲ ನನ್ನ ಕೂಡಿಸಿ ಅಕ್ಷತಿ ಹಾಕ್ತೀನಿ ಅಂದಿದ್ದ."

"ಮದಿವಿ ಗೊತ್ತಾಗಿತ್ತೇನು?"

"ಯುಗಾದಿ ಆದ ಮ್ಯಾಲ ಕತ್ತರಿ ಹಾಕೋದಿತ್ತರಿ."



"ಅಪ್ಪ ಜೀವಂತ ಇರೋ ತನಕ ಇದರ ಮೈಮ್ಯಾಲ ಯಾರಿಗೂ ಚೂರಿ ಇಡಗೊಡ್ತಿದ್ದಿಲ್ಲ," ಎಂದಳು ಮಾಳಮ್ಮ. "ಇದು ಇಲ್ಲಿ ಅದ ಅಂದ್ರ ಅಪ್ಪನ್ನ ಮೊಸಳಿ ಒಯ್ದಿಲ್ಲ ಸಾಹೇಬ್ರ. ಮನಷ್ಯಾರೇ ಕೊಂದಾರ."

"ಟಗರು? ಎಲ್ಲೀ ಟಗರು?"

ಅಡುಗೆಮನೆಯ ಬಾಗಿಲಲ್ಲಿ ಸಪ್ನಾಳ ಅತ್ತೆ ಗಂಗಾಬಾಯಿ ಬಂದು ನಿಂತಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. "ಅದು ಪ್ಲಾಸ್ಟಿಕ್ಕಿಂದು ಅಂದಿದ್ನಲ್ಲ ನನ್ನ ಮಗ! ಮಿಷಿನ್ಯಾಗ ಮಾಡಿದ್ದು ಅಂದ! ಎಂಟು ದಿನ ಆತು, ನಾ ದಿನಾ ಅದೇ ಸೋಫಾದ ಮ್ಯಾಲ ಕೂತು ಲಿಂಗಪೂಜಿ ಮಾಡ್ಕೊಳ್ಳಾಕತ್ತೇನಿ!"

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಒಬ್ಬರಿಗೆ ಫಾರಿನ್, ಇನ್ನೊಬ್ಬರಿಗೆ ಪ್ಲಾಸ್ಟಿಕ್. ಒಂದೇ ತೊಗಲಿಗೆ ಒಂದೇ ಮನೆಯಲ್ಲಿ ಎರಡು ಜಾತಕ ಬರೆದ ಮಹಾನುಭಾವ ಅಷ್ಟರಲ್ಲಿ ಗೇಟು ತೆಗೆದು ಒಳಗೆ ಬಂದ.

ಮಹೇಶಕುಮಾರ ರಸ್ತೆ ಕಂತ್ರಾಟದಾರ. ನಗುಮುಖ, ಒಳ್ಳೆಯ ಮಾತುಗಾರ, ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುವ ಆಸಾಮಿ.

"ಏನ್ರಿ ಸಾಹೇಬ್ರ, ನಮ್ಮ ಸೋಫಾದ ತನಿಖಿ ಮಾಡಾಕತ್ತೀರೇನು?"

"ಈ ತೊಗಲು ಎಲ್ಲಿಂದ ಬಂತು?"

"ಆಳಂದದ ಅಂಗಡಿಂದ ತಂದೀನಿ. ಹೊರದೇಶದ ಮಾಲು. ಹಿಂದ ಲೇಬಲ್ ಅದ, ಓದ್ಕೋರಿ."

ಧಮ್ಮಪಾಲ ತೊಗಲು ತಿರುವಿದ. ಬೆನ್ನಿಗೆ ಕಂದು ಬಟ್ಟೆಯ ಅಸ್ತರ ಹಚ್ಚಿ, ಮೂಲೆಯಲ್ಲಿ ಅಂಗಡಿಯ ಹೆಸರಿನ ಪಟ್ಟಿ ಹೊಲಿದಿದ್ದರು. ಅವನು ಪಟ್ಟಿಯನ್ನು ಓದಲಿಲ್ಲ. ಅಂಚನ್ನು ಮೂಗಿನ ಹತ್ತಿರ ತಂದು ಮೂಸಿದ.

"ಮಿಷಿನ್ಯಾಗ ಹದ ಆದ ತೊಗಲಿನ ಅಂಚು ಸಾಫ್ ಇರ್ತದ್ರಿ. ಇಲ್ಲಿ ನೋಡ್ರಿ, ಗೇಣಿಗೊಂದು ತೂತು. ಜಾಲಿ ಮುಳ್ಳು ಬಡದು ಬಿಗದು ಬಿಸಲಿಗಿ ಹಾಕ್ಯಾರ. ಹದಕ್ಕ ಹಾಕಿದ ಪಟಕ, ಉಪ್ಪಿನ ವಾಸನಿ ಇನ್ನೂ ಹೋಗಿಲ್ಲ. ಇದು ನಮ್ಮ ಕಡೀನೇ, ಕೈಲೇ ಹದ ಮಾಡಿದ್ದು."

ಮಹೇಶಕುಮಾರನ ಕಣ್ಣು ಧಮ್ಮಪಾಲನ ಎದೆಯ ಮೇಲಿದ್ದ ಹೆಸರಿನ ಪಟ್ಟಿಯತ್ತ ಹೋಗಿ ಹಿಂದಕ್ಕೆ ಬಂತು. ನಗು ಮಾತ್ರ ಅಳಿಸಲಿಲ್ಲ.

"ತೊಗಲಿನ ವಿಷಯ ನಿಮಗ ಗೊತ್ತಿಲ್ದ ಮತ್ಯಾರಿಗಿ ಗೊತ್ತಿರ್ತದ ಬಿಡ್ರಿ," ಎಂದ ಮೆಲ್ಲಗೆ.

ಸಪ್ನಾ ತಲೆ ತಗ್ಗಿಸಿದಳು. ಗಂಗಾಬಾಯಿ ಕೂಡ ಮಗನನ್ನು ನೋಡಲಿಲ್ಲ. ಧಮ್ಮಪಾಲನ ಕಿವಿ ಬಿಸಿಯಾಯಿತು. ಇಂಥ ಮಾತು ಅವನಿಗೆ ಹೊಸದಲ್ಲ. ಶಾಲೆಯಲ್ಲಿ ಕೇಳಿದ್ದ, ತರಬೇತಿಯಲ್ಲಿ ಕೇಳಿದ್ದ, ಠಾಣೆಯಲ್ಲಿ ಬೆನ್ನ ಹಿಂದೆ ಕೇಳಿದ್ದ. ಪ್ರತಿ ಸಲವೂ ಕೇಳದವನ ಹಾಗೆ ಎದ್ದು ಹೋಗಿದ್ದ. ಇವತ್ತು ಎದ್ದು ಹೋದರೆ ಈ ಹುಡುಗಿಯ ಅಪ್ಪನನ್ನು ಮೊಸಳೆಯ ಬಾಯಿಗೆ ಎರಡನೇ ಸಲ ಹಾಕಿದಂತೆ.

"ಹೌದ್ರಿ," ಎಂದ. "ನಮ್ಮ ಅಜ್ಜ ದೇವೀಂದ್ರಪ್ಪ ಜೇವರ್ಗಿಯಾಗ ತೊಗಲು ಹದ ಮಾಡ್ತಿದ್ದ. ಬುದ್ಧನ ಧಮ್ಮ ತಗೊಂಡ ದಿವಸ ಆ ಕೆಲಸ ಬಿಟ್ಟ. ಆದ್ರ ಕಲಿತದ್ದು ಮರೀಲಿಲ್ಲ, ನನಗೂ ಕಲಿಸಿದ. ನಂದು ಹೇಳಿದ್ನಿ. ಈಗ ನೀವು ನಿಮ್ಮದು ಹೇಳ್ರಿ."

ಹದಿನಾಲ್ಕು ವರ್ಷದ ನೌಕರಿಯಲ್ಲಿ ಈ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಹೇಳಿದ ಮೇಲೆ ನೋಡಿದರೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಇರಲಿಲ್ಲ.

ಮಹೇಶಕುಮಾರ ಮತ್ತೆ ಲೇಬಲ್ಲಿನತ್ತ ಬೆರಳು ತೋರಿಸಿದ. ಧಮ್ಮಪಾಲ ಅದರ ಮೇಲಿದ್ದ ಅಂಗಡಿಯ ನಂಬರು ಒತ್ತಿ, ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟ.

"ಹಾಂ, ಸಿದ್ದಲಿಂಗ ಮಾತಾಡಾಕತ್ತೇನ್ರಿ," ಎಂದಿತು ಆಳಂದದ ಅಂಗಡಿಯ ದನಿ. "ಕರಿ ತೊಗಲಾ? ಅಫಜಲಪುರದ ಕಂತ್ರಾಟದಾರರದು? ಅದು ನಮ್ಮ ಮಾಲಲ್ಲರಿ ಸಾಹೇಬ್ರ. ಅವರೇ ತಂದು ಕೊಟ್ರು. ಬೆನ್ನಿಗಿ ಅರಿವಿ ಹಚ್ಚಿ, ನಿಮ್ಮದೊಂದು ಲೇಬಲ್ ಹೊಲದು ಕೊಡ್ರಿ ಅಂದ್ರು. ಮನ್ಯಾವ್ರು ಫೋನ್ ಮಾಡಿ ಕೇಳಿದ್ರ ಫಾರಿನ್ನಿಂದು ಅನ್ರಿ ಅಂತನೂ ಹೇಳಿದ್ರು. ಯಾಕ್ರಿ, ಏನಾತ್ರಿ?"

ಧಮ್ಮಪಾಲ ಫೋನು ಇಟ್ಟ. ಮಹೇಶಕುಮಾರ ಸೋಫಾದ ಅಂಚಿಗೆ ಕುಸಿದು ಕೂತ. ಕೈಗೆ ಉಣ್ಣೆ ತಾಕಿದ್ದೇ ತಟ್ಟನೆ ಎದ್ದ.

"ಜೇವರ್ಗಿ ನಿಜಾಮುದ್ದೀನನ ಗೋದಾಮಿನ್ಯಾಗ ತಗೊಂಡೀನ್ರಿ. ಆಕಿಗಿ ಫಾರಿನ್ನಿಂದೇ ಬೇಕು, ಅವ್ವಗ ತೊಗಲೇ ಮನಿಯೊಳಗ ಬರಬಾರದು. ಇಬ್ಬರ ನಡುವ ನಾ ಏನ್ ಮಾಡ್ಲಿ? ಇದರಾಗ ಯಾರದೋ ಜೀವದ ಮಾತು ಅದ ಅಂತ ನನಗೇನು ಕನಸ ಬಿದ್ದಿತ್ತೇನು?"

"ಅರಿವಿ ಯಾಕ ಹಚ್ಚಿಸಿದ್ರಿ?"

"ಹಿಂದ ಒಂದು ಕಡಿ ಹರದು ಹೊಲದಿದ್ರು. ಛಂದ ಕಾಣ್ತಿದ್ದಿಲ್ಲ."

ಇವನು ಹೆಂಡತಿಗೂ ತಾಯಿಗೂ ಹೆದರಿದ ಮನುಷ್ಯ, ಕೊಲೆಗಾರನಲ್ಲ ಎಂದು ಧಮ್ಮಪಾಲನಿಗೆ ಅನ್ನಿಸಿತು. ಆದರೂ ಊರು ಬಿಡಬೇಡಿ ಎಂದು ಹೇಳಿ ಪಂಚನಾಮೆ ಬರೆಸಿದ.

ತೊಗಲನ್ನು ಮಡಚಿಕೊಟ್ಟಿದ್ದು ಸಪ್ನಾ.  "ಒಯ್ಯಿರಿ. ನನ್ನ ಕಣ್ಣಿಗಿ ಬ್ಯಾಡ ಅದು," ಎಂದಳು. ಗಂಗಾಬಾಯಿ ಹೊಸ್ತಿಲು ದಾಟಿ ಹೊರಗೆ ಬಂದು ಮಾಳಮ್ಮನ ತಲೆಯ ಮೇಲೆ ಕೈಯಿಟ್ಟರು. "ನನಗ ಗೊತ್ತಿದ್ದಿಲ್ಲ ನನ್ನವ್ವಾ," ಎಂದರು. ಮಾಳಮ್ಮ ಆ ಕೈಯನ್ನು ಸರಿಸಲಿಲ್ಲ.

ಜೇವರ್ಗಿಯ ದಾರಿಯಲ್ಲಿ ಜೀಪಿನೊಳಗೆ ಬೆಂಕಿಯಂಥ ಗಾಳಿ. ಹಿಂದಿನ ಸೀಟಿನಲ್ಲಿ ಮಹಿಳಾ ಪೇದೆಯ ಪಕ್ಕ ಕೂತ ಮಾಳಮ್ಮ ತೊಗಲನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಬೆರಳು ತಮ್ಮಷ್ಟಕ್ಕೆ ಉಣ್ಣೆಯೊಳಗಿನ ಸಿಕ್ಕು ಬಿಡಿಸುತ್ತಿದ್ದವು.

"ಈ ಟಗರಿನ ಮ್ಯಾಲ ಯಾರರೇ ಕಣ್ಣಿಟ್ಟಿದ್ರೇನು?" ಧಮ್ಮಪಾಲ ಕೇಳಿದ.

"ಗುರುಪಾದ ಸಾಹುಕಾರ," ಎಂದಳು ತಡಮಾಡದೆ. "ಕುರಿ ಯಾಪಾರಿ. ಟಗರಿನ ಕಾಳಗಕ್ಕ ಕೊಡು ಅಂತ ದುಂಬಾಲ ಬಿದ್ದಿದ್ದ. ಅಪ್ಪ ಕೊಡಂಗಿಲ್ಲ ಅಂದ. ಒಮ್ಮಿ ಕೊರಳಪಟ್ಟಿ ಹಿಡಿಯೋ ತನಕ ಹೋಗಿತ್ತು. ಕೊಡದಿದ್ರ ಕಡದೇ ಬಿಡ್ತೀನಿ ಅಂದಿದ್ದ."

ಗುರುಪಾದನ ಹೆಸರು ಕಡತದಲ್ಲೂ ಇತ್ತು, ಒಂದೇ ಸಾಲಿನಲ್ಲಿ. ಯುಗಾದಿಗೆ ಮುಂಚೆಯೇ ಸೋಲಾಪುರದ ಸಂತೆಗೆ ಹೋದವನು ಇನ್ನೂ ಬಂದಿಲ್ಲ ಎಂದು ಮನೆಯವರ ಹೇಳಿಕೆ. ಫೋನು ಬಂದ್. ಅವನು ಓಡಿಹೋಗಿದ್ದಾನೆ ಎಂದು ಧಮ್ಮಪಾಲನಿಗೆ ಈಗ ಖಾತ್ರಿಯಾಗತೊಡಗಿತು.

ಕನ್ನಡಿಯಲ್ಲಿ ಅವಳ ಎಡಗೈ ಕಂಡಿತು. ಮಣಿಕಟ್ಟಿನಲ್ಲಿ ಕರಿ ಉಣ್ಣೆಯ ದಾರ. ಅದರ ಗಂಟು ವಿಚಿತ್ರವಾಗಿತ್ತು. ಎರಡೂ ತುದಿ ಒಂದೇ ಕಡೆ ಮೇಲಕ್ಕೆ ನಿಂತಿದ್ದವು, ಮರಿಯ ಕಿವಿ ನಿಂತ ಹಾಗೆ.

"ಅಪ್ಪ ಕಟ್ಟಿದ್ದರಿ," ಎಂದಳು ಅವನ ನೋಟ ಕಂಡು. "ಅವನ ಬಲಗೈಯಾಗ ಎರಡು ಬೆರಳಿಲ್ಲ. ಎಡಗೈಲೆ ತಿರಿವಿ ಕಟ್ತಾನ. ಹಿಂಗ ಯಾರಿಗೂ ಕಟ್ಟಾಕ ಬರಂಗಿಲ್ಲ. ನಾನೂ ಕಲಿಬೇಕಂತ ನೋಡೀನಿ, ನನಗೂ ಬಂದಿಲ್ಲ."

ಭೀಮಾ ಸೇತುವೆ ಬಂತು. ಕೆಳಗೆ ಹೊಳೆ ಸಣ್ಣಗೆ, ಬಂಡೆಗಳ ನಡುವೆ ದಾರಿ ಮಾಡಿಕೊಂಡು ಹರಿಯುತ್ತಿತ್ತು. ಮಾಳಮ್ಮ ಅತ್ತ ನೋಡಲಿಲ್ಲ.

"ಸಾಹೇಬ್ರ, ಅಪ್ಪ ಬದಕಿದ್ರ ನನ್ನ ಹತ್ರ ಬರದ ಇರಾಂವಲ್ಲ," ಎಂದಳು. "ಬಂದ್ರ ನನಗ ಕೆಟ್ಟದಾಗ್ತದ ಅಂತ ಇದ್ರ ಅಷ್ಟೇ ಬರಂಗಿಲ್ಲ."

ಆ ಮಾತನ್ನು ಧಮ್ಮಪಾಲ ಆಗ ಅಷ್ಟು ಗಮನವಿಟ್ಟು ಕೇಳಲಿಲ್ಲ. ಆಮೇಲೆ ಅದನ್ನು ನೆನೆದು ಪರಿತಪಿಸಿದ.

ನಿಜಾಮುದ್ದೀನನ ಗೋದಾಮು ಊರಾಚೆ, ಜಾಲಿ ಮರಗಳ ನಡುವೆ. ಎಪ್ಪತ್ತು ದಾಟಿದ ಮುದುಕ. ದಪ್ಪ ಕನ್ನಡಕ, ಪಟಕಕ್ಕೆ ಬಿಳಿಚಿದ ಬೆರಳು. ಧಮ್ಮಪಾಲ ಹೆಸರು ಹೇಳಿದಾಗ ಕನ್ನಡಕ ಮೇಲೆತ್ತಿ ಬಹಳ ಹೊತ್ತು ನೋಡಿದ.

"ದೇವೀಂದ್ರಪ್ಪನ ಮೊಮ್ಮಗನೇನಪ್ಪಾ ನೀ? ನಿಮ್ಮ ಅಜ್ಜ ಹದ ಮಾಡಿದ ತೊಗಲು ಕಿವಿಗಿ ಹಿಡದು ಮಡಚಿದ್ರೂ ಸಪ್ಪಳ ಆಗ್ತಿದ್ದಿಲ್ಲ, ಅಷ್ಟು ಮೆತ್ತಗ. ಕೂಡ್ರಿ, ಕೂಡ್ರಿ."

ತೊಗಲನ್ನು ಮುಂದಿಟ್ಟ ಕೂಡಲೇ ಮುದುಕನ ಮುಖದ ಸಡಗರ ಇಳಿಯಿತು. ಕೈಯಲ್ಲಿ ಒಂದು ಸಲ ಸವರಿ, ಕೈ ಹಿಂದಕ್ಕೆ ತೆಗೆದುಕೊಂಡ.

"ಇದನ್ನ ಕೊಟ್ಟ ಮ್ಯಾಲ ನನಗ ಸಮಾಧಾನ ಆಗಿತ್ತು. ತಿರುಗಿ ಬಂತಲ್ಲ."

"ನಿಮಗಿದು ಯಾರು ತಂದು ಕೊಟ್ರು, ಚಾಚಾ?"

"ಗುರುಪಾದನ ಗಾಡಿ. ಈ ವರ್ಷ ಯುಗಾದಿ ಮರುದಿನಾನೇ ಈದ್ ಇತ್ತಲ್ಲ, ಅದಕ್ಕ ದಿನ ನೆನಪದ. ಯುಗಾದಿ ಹಿಂದಿನ ದಿವಸ ಬಂತು. ವಾರಾ ವಾರಾ ಗುರುಪಾದನೇ ಬರ್ತಿದ್ದ. ಅವತ್ತ ಡ್ರೈವರ್ ಒಬ್ಬನೇ ಬಂದ. ಸಾಹುಕಾರ ಎಲ್ಲಿ ಅಂದ್ರ, ಸೊನ್ನದ ಹೊಳಿ ದಂಡ್ಯಾಗ ಉಳದಾರ, ಒಬ್ಬ ಕುರುಬನ ಜೋಡಿ ಜಗಳ ನಡದದ, ಹಿಂದಿಂದ ಬರ್ತಾರ ಅಂದ. ಬರಲಿಲ್ಲ. ಇವತ್ತಿಗೂ ಬಂದಿಲ್ಲ."



ಧಮ್ಮಪಾಲ ಗುರುಪಾದನ ಹೆಸರು ಬರೆದುಕೊಂಡು ಕೆಳಗೆ ಗೆರೆ ಎಳೆದ. ಇಷ್ಟು ಸಾಕು. ಕೇಳದೆ ಟಗರು ಕಡಿದ, ಅಡ್ಡ ಬಂದ ಕುರಿಗಾಹಿಯನ್ನು ಮುಗಿಸಿದ, ಸೋಲಾಪುರದ ಹೆಸರು ಹೇಳಿ ತಲೆಮರೆಸಿಕೊಂಡ. ನಾಳೆ ಆ ಕಡತಕ್ಕೆ ಸಹಿ ಬೀಳುವುದಿಲ್ಲ, ಗುರುಪಾದನ ಮೇಲೆ ವಾರೆಂಟು ಹೊರಡುತ್ತದೆ. ಪಾಪದ ಹುಡುಗಿಗೆ ಅಪ್ಪ ಸಿಗದಿದ್ದರೂ ನ್ಯಾಯವಾದರೂ ಸಿಗುತ್ತದೆ ಎಂದುಕೊಂಡ.

"ಹಿಂದ ಹೊಲಿಗಿ ಯಾಕ ಹಾಕಿದ್ರಿ?" ಎಂದು ಕೇಳಿದ್ದು ಬರೀ ದಾಖಲೆಗೆ.

ನಿಜಾಮುದ್ದೀನ ಬ್ಲೇಡು ತೆಗೆದುಕೊಂಡು ಅಸ್ತರದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದ.

"ನಾ ಹಾಕಿಲ್ಲಪ್ಪ. ಅದನ್ನೇ ಹೇಳಾಕತ್ತೇನಿ. ಮಾಂಸ ಹೆರೆಯುವಾಗ ನನ್ನ ಕೈ ತಪ್ಪಿ ಇಷ್ಟುದ್ದ ಸೀಳಿಬಿಟ್ಟಿತು. ವಯಸ್ಸಾತು, ಕಣ್ಣು ಮೊದಲಿನಂಗಿಲ್ಲ. ಇರಲಿ ಅಂತ ಮುಳ್ಳು ಬಡದು ಅಲ್ಲೇ ಬೇಲಿ ಹತ್ರ ಒಣಗಾಕ ಹಾಕಿದ್ನಿ. ಶುಕ್ರವಾರ, ಜುಮ್ಮಾ ನಮಾಜಿಗಿ ಹೋದೆ. ತಿರುಗಿ ಬಂದು ನೋಡ್ತೀನಿ, ಸೀಳಿದ್ದು ಹೊಲದದ."

"ಹೊಲದದ?"

"ಹೂಂ. ನನ್ನ ಎಪ್ಪತ್ತೊಂದು ವರ್ಷದಾಗ ತೊಗಲು ಕದ್ದಾವ್ರನ್ನ ನೋಡೀನಿ. ಬಂದು ಹೊಲದು, ಬಿಟ್ಟು ಹೋದಾವ್ರನ್ನ ನೋಡಿಲ್ಲ. ಪಕ್ಕದಾಗ ಒಂದು ಚಿಟಿಕಿ ಅರಿಷಿಣ, ಭಂಡಾರ ಇಟ್ಟಂಗ ಇಟ್ಟಿದ್ರು. ನನಗ ಅಂಜಿಕಿ ಹತ್ತಿತು. ಮನ್ಯಾಗ ಇಟ್ಕೊಳ್ಳಾಕ ಆಗಲಿಲ್ಲ. ಕಂತ್ರಾಟದಾರ ಕರಿ ತೊಗಲು ಅದ ಏನು ಅಂದಾಗ ಕೊಟ್ಟುಬಿಟ್ಟೆ."

"ಯಾವ ಶುಕ್ರವಾರ, ಚಾಚಾ?"

"ಈದ್ ಆದ ಮ್ಯಾಲ ಮೂರನೇದು."

ಧಮ್ಮಪಾಲ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಭೀಮಶಾನನ್ನು ಮೊಸಳೆ ಒಯ್ದಿತು ಎನ್ನುವ ದಿನದಿಂದ ಇಪ್ಪತ್ತನೆಯ ದಿನ.

ಅಸ್ತರ ಪೂರಾ ಬಿಚ್ಚಿಕೊಂಡಿತು. ಬಿಳಿಚಿದ ತೊಗಲಿನ ನಡುವೆ ಗೇಣುದ್ದದ ಗಾಯ. ಅದನ್ನು ಕರಿ ಉಣ್ಣೆಯ ದಾರದಿಂದ ಒತ್ತೊತ್ತಾಗಿ, ಮಗುವಿನ ಮೈ ಹೊಲಿದಷ್ಟು ಜೋಪಾನವಾಗಿ ಹೊಲಿದಿದ್ದರು. ಹೊಲಿಗೆ ಬಲದಿಂದ ಎಡಕ್ಕೆ ವಾಲಿತ್ತು. ಕೊನೆಯಲ್ಲಿ ಒಂದು ಗಂಟು. ಅದರ ಎರಡೂ ತುದಿ ಒಂದೇ ಕಡೆ ಮೇಲಕ್ಕೆ ನಿಂತಿದ್ದವು.

ಮೊದಲು ಧಮ್ಮಪಾಲನಿಗೆ ಸಂತೋಷವೇ ಆಯಿತು. ಭೀಮಶಾ ಬದುಕಿದ್ದಾನೆ! ನಲವತ್ತು ದಿನ ಠಾಣೆಯ ಮೆಟ್ಟಿಲು ಸವೆಸಿದ ಈ ಹುಡುಗಿಗೆ ಅದನ್ನು ಹೇಳಬೇಕೆಂದು ಬಾಯಿ ತೆರೆದ.

ಅಷ್ಟರಲ್ಲಿ ಹೊಳೆದಂಡೆಯಲ್ಲಿ ಸಿಕ್ಕಿದ್ದ ಆ ಕಂಬಳಿ ಕಣ್ಣ ಮುಂದೆ ಬಂತು. ಅದಕ್ಕೆ ಹತ್ತಿದ್ದು ಮನುಷ್ಯನ ರಕ್ತ ಎಂದು ಪ್ರಯೋಗಾಲಯದವರು ಬರೆದುಕೊಟ್ಟಿದ್ದರು. ಯಾರದೆಂದು ಯಾರೂ ಕೇಳಿರಲಿಲ್ಲ, ಕೇಳುವ ಅಗತ್ಯವೂ ಕಂಡಿರಲಿಲ್ಲ. ಹೊಳೆದಂಡೆಯಲ್ಲಿ ಅವತ್ತು ಇಬ್ಬರು ನಿಂತಿದ್ದರು. ಒಬ್ಬನು ಇಪ್ಪತ್ತು ದಿನದ ಮೇಲೆ ಬಂದು ಈ ಗಂಟು ಹಾಕಿದ್ದಾನೆ. ಇನ್ನೊಬ್ಬ ಗುರುಪಾದ, ಅವನನ್ನು ಅವತ್ತಿನಿಂದ ಯಾರೂ ನೋಡಿಲ್ಲ.

ಧಮ್ಮಪಾಲ ತೆರೆದ ಬಾಯಿ ಮುಚ್ಚಿದ. ತಲೆಯೆತ್ತಿ ಮಾಳಮ್ಮನನ್ನು ನೋಡಿದ. ಅವಳು ಅವನಿಗಿಂತ ಮೊದಲೇ ಆ ಲೆಕ್ಕ ಮುಗಿಸಿದ್ದಳು.

"ನೋಡವ್ವಾ," ಎಂದ, ದನಿ ತಗ್ಗಿಸಿ. "ಈ ಗಂಟು ಯಾರದು?"

ಮಾಳಮ್ಮ ಬಾಗಿ ನೋಡಿದಳು. ಬೆರಳ ತುದಿಯಿಂದ ಆ ಗಂಟನ್ನು ಒಮ್ಮೆ ಮುಟ್ಟಿದಳು. ಅವಳ ಕಣ್ಣಲ್ಲಿ ನೀರು ಬರಲಿಲ್ಲ. ನೆಟ್ಟಗೆ ನಿಂತು, ಸೆರಗನ್ನು ಎಡಗೈಯ ಮಣಿಕಟ್ಟಿನ ಮೇಲೆ ಎಳೆದುಕೊಂಡಳು.

"ಗೊತ್ತಿಲ್ಲರಿ."

"ಮಾಳಮ್ಮ."

"ಇದು ನಮ್ಮಪ್ಪನ ಕೈಯಲ್ಲ. ಟಗರೂ ನಮ್ಮದಲ್ಲರಿ. ನನ್ನ ಕಣ್ಣು ತಪ್ಪಿತ್ತು."

ನಿಜಾಮುದ್ದೀನ ಒಬ್ಬರಾದ ಮೇಲೊಬ್ಬರ ಮುಖ ನೋಡಿದ. ಹೊರಗೆ ಬೇಲಿಯ ಮೇಲೆ ಒಣಗುತ್ತಿದ್ದ ತೊಗಲುಗಳು ಬಿಸಿಗಾಳಿಗೆ ಸದ್ದು ಮಾಡುತ್ತಿದ್ದವು.

ಮಾಳಮ್ಮ ಧಮ್ಮಪಾಲನ ಮುಂದೆ ಕೈ ಜೋಡಿಸಿದಳು. ನಲವತ್ತು ದಿನ ಜೋಡಿಸಿದ ಅದೇ ಕೈ.

"ನಾಳಿ ಫೈಲ್ ಮುಚ್ಚಿಬಿಡ್ರಿ ಸಾಹೇಬ್ರ. ನಮ್ಮಪ್ಪನ್ನ ಮೊಸಳಿ ಒಯ್ದದ."